ಬೆಂಗಳೂರಿನ ಬಾಗಿಲು ತೆರೆಸಿದ ಮುಂಬಯಿ ಹುಡುಗಿ

ಮಗಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಿಎಚ್.ಡಿ.ಗೆ ಸೇರಿದಳೆಂದರೆ ಕೋಪರಿಯ ನಮ್ಮ ಮನೆಗಳಲ್ಲಿ ಪೇಡೆ ಹಂಚುತ್ತೇವೆ. ಅದೇ ಸಂಸ್ಥೆ 1933ರಲ್ಲಿ ಮುಂಬಯಿಯ ಪದವೀಧರೆಯೊಬ್ಬಳಿಗೆ, ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಆಕೆ ಕಮಲಾ ಭಾಗವತ್. ಮದುವೆಯ ನಂತರ ಸೋಹೊನಿ. ನೆರೆಯ ಮರಾಠಿ ಬಂಧುಗಳಿಗೆ ಲೇಖಕಿ ದುರ್ಗಾ ಭಾಗವತರ ತಂಗಿಯೆಂದರೆ ಥಟ್ಟನೆ ಗುರುತು ಹತ್ತೀತು. ತಂದೆ ನಾರಾಯಣರಾಯರೂ ಅವರ ಸೋದರ ಮಾಧವರಾಯರೂ ಮೈಸೂರು ಅರಸರು ಕೊಟ್ಟ ನೆಲದ ಮೇಲೆ ಎದ್ದ ಆ ಸಂಸ್ಥೆಯಲ್ಲೇ ರಸಾಯನಶಾಸ್ತ್ರ ಕಲಿತವರು. ಅಪ್ಪನಿಗೆ ತೆರೆದಿದ್ದ ಬಾಗಿಲು ಮಗಳಿಗೆ ಮುಚ್ಚಿತ್ತು!

ಆಗ ನಿರ್ದೇಶಕರು ಸರ್ ಸಿ.ವಿ. ರಾಮನ್. ನೊಬೆಲ್ ಪಡೆದ ಆ ಮಹಾನುಭಾವರ ಎದುರು ನಿಲ್ಲಲು ದೊಡ್ಡವರೇ ಅಂಜುತ್ತಿದ್ದ ಕಾಲದಲ್ಲಿ ಈ ಹುಡುಗಿ ಸತ್ಯಾಗ್ರಹಕ್ಕೆ ಕುಳಿತಳು. ಕೊನೆಗೆ ಅವರು ಮಣಿದರು, ಆದರೆ ಷರತ್ತಿನ ಮೇಲೆ: ಮೊದಲ ವರ್ಷ ಖಾಯಂ ವಿದ್ಯಾರ್ಥಿನಿಯಲ್ಲ, ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮಾನ್ಯತೆ, ಪ್ರಯೋಗಶಾಲೆಯ ವಾತಾವರಣ ಕೆಡಿಸತಕ್ಕದ್ದಲ್ಲ. ಈ ಮೂರನೆಯದನ್ನು ಓದುವಾಗ ನಮಗೆ ಇಂದಿಗೂ ಮೈ ಉರಿಯುತ್ತದೆ. ರಾಮನ್‌ರ ವಿಜ್ಞಾನಕ್ಕೆ ಕೈಮುಗಿಯುತ್ತಲೇ ಇದನ್ನು ಹೇಳಬೇಕು.

ಪ್ರವೇಶ ಗೆದ್ದರೂ ಸಂಶೋಧನೆ ಕಲಿಸುವವರು ಬೇಕಲ್ಲ. ಎಂ. ಶ್ರೀನಿವಾಸಯ್ಯನವರು ಆ ಗುರುವಾದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಭೇದವೆಣಿಸಲಿಲ್ಲ. ಹಿರಿಯ ವಿಜ್ಞಾನಿಗಳ ಮೂಲ ಲೇಖನಗಳನ್ನೇ ಓದಿಸಿದರು, ಸಂಶಯ ಬಂದರೆ ಬರೆದವರಿಗೇ ಕಾಗದ ಹಾಕುವ ಧೈರ್ಯ ಕಲಿಸಿದರು. ವಿಷಯ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು, ನಮ್ಮ ಅಡುಗೆಮನೆಯ ಸಾಮಾನೇ. ವರ್ಷ ತುಂಬುವಷ್ಟರಲ್ಲಿ ರಾಮನ್‌ರಿಗೆ ಒಪ್ಪಿಗೆಯಾಯಿತು. ಬೇರೆ ಹೆಣ್ಣುಮಕ್ಕಳಿಗೂ ದಾರಿ ತೆರೆಯಿತು. 1936ರಲ್ಲಿ ಕಮಲಾ ಎಂ.ಎಸ್‌ಸಿ. ಪಡೆದರು.

ಮುಂದೆ ಕೇಂಬ್ರಿಜ್. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಸಸ್ಯಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನಿನ ಪಾತ್ರವನ್ನು ತೋರಿಸಿದರು. 1939ರಲ್ಲಿ ಪಿಎಚ್.ಡಿ. ಬಂತು. ಪ್ರಬಂಧದ ಗಾತ್ರ ಸುಮಾರು 40 ಪುಟ. ಹೊತ್ತಗೆಯ ದಪ್ಪದಿಂದ ವಿದ್ವತ್ತನ್ನು ಅಳೆಯುವವರು ಗಮನಿಸಬೇಕು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಇವರೇ ಎಂದು ಹಲವರು ಬರೆಯುವುದುಂಟು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕೆಯ ಮಿಷಿಗನ್‌ನಲ್ಲಿ ಅದನ್ನು ಪಡೆದಿದ್ದರಾದ್ದರಿಂದ ಆ ಪಟ್ಟದ ಗೊಡವೆ ನಮಗೆ ಬೇಡ.

ಸ್ವದೇಶಕ್ಕೆ ಮರಳಿ ದಿಲ್ಲಿ, ಕೂನೂರುಗಳಲ್ಲಿ ದುಡಿದು, 1947ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದರು. ನಮ್ಮ ಎಷ್ಟೋ ಜನ ಠಾಣೆಯಿಂದ ಲೋಕಲ್ ಹಿಡಿದು ಕೋಟೆಯ ಕಚೇರಿಗಳಿಗೆ ನಡೆಯುವ ದಾರಿಗೆ ಸಮೀಪದಲ್ಲೇ ಇರುವ ಇನ್‌ಸ್ಟಿಟ್ಯೂಟ್ ಆಫ್ ಸಾಯನ್ಸಿನಲ್ಲಿ ಜೀವರಸಾಯನ ಕಲಿಸಿದರು. ಮುಂದೆ ಅದರ ನಿರ್ದೇಶಕಿಯೂ ಆದರು. ರಾಜೇಂದ್ರ ಪ್ರಸಾದರ ಸಲಹೆಯಂತೆ ವಿದ್ಯಾರ್ಥಿಗಳೊಡನೆ ನೀರಾ ಪರೀಕ್ಷಿಸಿ, ಅಪೌಷ್ಟಿಕತೆಯಿಂದ ಬಳಲುವ ಆದಿವಾಸಿ ಮಕ್ಕಳಿಗೂ ಬಸುರಿಯರಿಗೂ ಅದು ಹಿತವೆಂದು ತೋರಿಸಿದರು. ಇಳಿವಯಸ್ಸಿನಲ್ಲಿ ಗ್ರಾಹಕ ಸಂಘದಲ್ಲಿ ದುಡಿದು, ಕಲಬೆರಕೆಯ ವಿಷಯದಲ್ಲಿ ಗೃಹಿಣಿಯರನ್ನು ಎಚ್ಚರಿಸುತ್ತಿದ್ದರು. 1998ರಲ್ಲಿ ತೀರಿಕೊಂಡರು.