ಕಾವಲು ಬ್ಯಾಟರಿ

ನನ್ನ ಗಾಡಿಯಲ್ಲಿ ಎರಡು ಬ್ಯಾಟರಿ ಇದೆ ಅಂದ ಕೂಡಲೇ ಆಫೀಸಿನಲ್ಲಿ ಕೇಳೋ ಮೊದಲ ಪ್ರಶ್ನೆ, "ಒಂದು ಕೈಕೊಟ್ರೆ ಇನ್ನೊಂದು ಇರ್ಲಿ ಅಂತಾನಾ?" ಅಲ್ಲ. ಸ್ಟೆಪ್ನಿ ಟೈರ್ ಲೆಕ್ಕ ಬೇರೆ, ಇದು ಬೇರೆ. ಎರಡನೇ ಬ್ಯಾಟರಿ ಇರೋದು ಮೊದಲನೆಯದು ಸತ್ತ ಮೇಲೆ ಬಳಸೋಕಲ್ಲ, ಮೊದಲನೆಯದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳೋಕೆ. ಈ ಸಣ್ಣ ವ್ಯತ್ಯಾಸದ ಹಿಂದೆ ದೊಡ್ಡ ಇತಿಹಾಸವಿದೆ. ಅದನ್ನು ಹುಡುಕುತ್ತಾ ಹೋದವನಿಗೆ ಅದರ ಒಂದು ತುದಿ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹುಲ್ಲುಗಾವಲಿನಲ್ಲಿ ಸಿಕ್ಕಿತು.

ಮೊದಲು ಬ್ಯಾಟರಿಯ ಕಥೆ.

ಇವತ್ತಿಗೂ ನಮ್ಮ ಬಾನೆಟ್ ಕೆಳಗೆ ಕೂತಿರೋ ಸೀಸ-ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಆಗ ಕಾರು ಇನ್ನೂ ಹುಟ್ಟಿರಲಿಲ್ಲ. ಕಾರು ಬಂದ ಮೇಲೂ ಅದನ್ನು ಎಬ್ಬಿಸುವ ಕೆಲಸ ಮನುಷ್ಯನ ತೋಳಿನದೇ ಆಗಿತ್ತು. ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ನಮ್ಮೂರುಗಳ ಹಳೇ ಬಸ್ಸು, ಜೀಪುಗಳಿಗೆ ಕ್ಲೀನರ್ ಹ್ಯಾಂಡಲ್ ಹೊಡೆಯುತ್ತಿದ್ದದ್ದು ಹಿರಿಯರಿಗೆ ಈಗಲೂ ನೆನಪಿದೆ. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಲ್ಲಿಂದ ಗಾಡಿಯ ಬ್ಯಾಟರಿಗೆ ಒಂದು ಖಚಿತವಾದ ಕೆಲಸ ಸಿಕ್ಕಿತು: ಎರಡು ಮೂರು ಸೆಕೆಂಡು ಪೂರ್ತಿ ಬಲ ಹಾಕಿ ಎಂಜಿನ್ ಎಬ್ಬಿಸುವುದು, ಆಮೇಲೆ ಸುಮ್ಮನೆ ಕೂರುವುದು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸ್ಟಾರ್ಟರ್ 200 ಆಂಪಿಯರ್ ಎಳೆಯುತ್ತೆ, 3 ಸೆಕೆಂಡು ತಿರುಗುತ್ತೆ ಅಂದುಕೊಳ್ಳಿ. ಖರ್ಚಾಗುವುದು ಸುಮಾರು 0.17 ಆಂಪಿಯರ್-ಅವರ್, ಅಂದರೆ 60 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಚಿಟಿಕೆಯಷ್ಟು. ಅದೇ ಗಾಡಿಯಲ್ಲಿ ಒಂದು ಪುಟ್ಟ ಫ್ರಿಜ್ ಇಟ್ಟು, ಅದು ಸರಾಸರಿ 2 ಆಂಪಿಯರ್‌ನಂತೆ ರಾತ್ರಿ 10 ಗಂಟೆ ಓಡಿದರೆ 20 ಆಂಪಿಯರ್-ಅವರ್ ಖಾಲಿ. ಸ್ಟಾರ್ಟರ್ ಒಮ್ಮೆ ತಿಂದದ್ದರ ನೂರು ಪಟ್ಟಿಗೂ ಹೆಚ್ಚು! ಅಬ್ಬರ ಮಾಡುವ ಸ್ಟಾರ್ಟರ್‌ನಿಂದ ಬ್ಯಾಟರಿ ಖಾಲಿಯಾಗುವುದಿಲ್ಲ, ಸದ್ದಿಲ್ಲದೆ ರಾತ್ರಿಯಿಡೀ ಹೀರುವ ಫ್ರಿಜ್ಜಿನಿಂದ ಆಗುತ್ತದೆ.

ಬ್ಯಾಟರಿ ಕಟ್ಟುವವರಿಗೆ ಇದು ಗೊತ್ತು. ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲಿ ತೆಳ್ಳಗಿನ ಸೀಸದ ಪ್ಲೇಟುಗಳು ಜಾಸ್ತಿ ಇರುತ್ತವೆ, ಒಂದೇ ಏಟಿಗೆ ಭಾರಿ ಕರೆಂಟ್ ಕೊಡೋಕೆ. ಅದನ್ನು ಪದೇ ಪದೇ ತಳ ಕಾಣುವವರೆಗೆ ಬರಿದು ಮಾಡಿದರೆ ಆ ಪ್ಲೇಟುಗಳು ಬೇಗ ಹಾಳಾಗುತ್ತವೆ. ನಿಧಾನಕ್ಕೆ, ಆಳದವರೆಗೆ ಬಳಸುವ ಬ್ಯಾಟರಿಯ ಪ್ಲೇಟುಗಳು ದಪ್ಪ. ಎರಡೂ ಕೆಲಸವನ್ನು ಒಂದೇ ಡಬ್ಬಿಗೆ ಒಪ್ಪಿಸಿದರೆ ಎರಡೂ ಕೆಡುತ್ತವೆ.

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ದೋಣಿಯವರು, ಸೈನ್ಯದವರು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು 6 ವೋಲ್ಟಿನದು. 1947ರಲ್ಲಿ ಮಹೀಂದ್ರದವರು ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದ್ದು ಇದೇ ವಂಶದ ಜೀಪನ್ನು. 1950ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ಎಂ38 ಜೀಪಿನಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಇದ್ದವು, ಆದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ 24 ವೋಲ್ಟ್ ಮಾಡಿದ್ದರು. ಚಳ್ಳಕೆರೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನನ್ನ ಗಾಡಿಯ ಬಾನೆಟ್ ಎತ್ತಿದ ಮೆಕ್ಯಾನಿಕ್ ಹೇಳಿದ್ದೂ ಅದೇ. "ಎಲ್ಡ್ ಬ್ಯಾಟ್ರಿ ಏನ್ ದೊಡ್ದು ಸಾ? ಲಾರಿಗೂ ಎಲ್ಡು ಇರ್ತವೆ." ನಿಜ. ಆದರೆ ಲಾರಿಯ ಎರಡು ಬ್ಯಾಟರಿ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ಮಲಗಿದರೆ ಗಾಡಿ ನಿಂತಿತು. ನಾನು ಹೇಳುತ್ತಿರುವುದು ಆ ಜೋಡಿ ಅಲ್ಲ. ಬ್ರಿಟಿಷ್ ಸೈನ್ಯದ ರೇಡಿಯೋ ಲ್ಯಾಂಡ್‌ರೋವರುಗಳಲ್ಲಿ ಗಾಡಿಯ ಬ್ಯಾಟರಿ ಬೇರೆ, ರೇಡಿಯೋ ಬ್ಯಾಟರಿ ಬೇರೆ ಇಟ್ಟಿದ್ದರಲ್ಲ, ಅದು ನಿಜವಾದ ಪೂರ್ವಜ. ರಾತ್ರಿಯೆಲ್ಲ ರೇಡಿಯೋ ಹಚ್ಚಿ ಕೂತರೂ ಬೆಳಿಗ್ಗೆ ಗಾಡಿ ಏಳಲೇಬೇಕು, ಇಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ.

ಸಮಸ್ಯೆ ಬರೋದು ಚಾರ್ಜ್ ಮಾಡುವಾಗ. ಡೈನಮೋ ಆಗಲಿ ಆಲ್ಟರ್ನೇಟರ್ ಆಗಲಿ ಗಾಡಿಯಲ್ಲಿ ಒಂದೇ. ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಅದಕ್ಕೆ ಸೇರಬೇಕು, ಎಂಜಿನ್ ನಿಂತಾಗ ಬೇರೆಯಾಗಬೇಕು. ಅಂದರೆ ನಡುವೆ ಒಬ್ಬ ಕಾವಲುಗಾರ ಬೇಕು. ಡ್ಯುಯಲ್ ಬ್ಯಾಟರಿಯ ಇತಿಹಾಸ ಅಂದರೆ ಮುಖ್ಯವಾಗಿ ಈ ಕಾವಲುಗಾರನ ಇತಿಹಾಸ.

ಮೊದಲಿದ್ದದ್ದು ಕೈಯಲ್ಲಿ ತಿರುಗಿಸುವ ಸ್ವಿಚ್. ಮರೆತರೆ ಮುಗಿಯಿತು. 1960ರಲ್ಲಿ ಕ್ರೈಸ್ಲರ್ ಕಂಪನಿ ಕಾರುಗಳಲ್ಲಿ ಆಲ್ಟರ್ನೇಟರ್ ತಂದ ಕಾಲಕ್ಕೆ ಸಿಲಿಕಾನ್ ಡಯೋಡ್ ಅಗ್ಗವಾಗತೊಡಗಿತ್ತು. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಆದರೆ ಸುಮಾರು 0.7 ವೋಲ್ಟ್ ಸುಂಕ ಕೀಳುತ್ತದೆ. ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಆಮೇಲೆ ಬಂದದ್ದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ಸೀಸದ ಬ್ಯಾಟರಿ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್ ಆಸುಪಾಸು ತೋರಿಸುತ್ತದೆ, ಅರ್ಧ ಖಾಲಿಯಾದಾಗ 12.2. ಆಲ್ಟರ್ನೇಟರ್ ಓಡುತ್ತಿದ್ದರೆ 13.8ರಿಂದ 14.4. ಹಾಗಾಗಿ 13.3 ದಾಟಿದರೆ ಎಂಜಿನ್ ಓಡುತ್ತಿದೆ ಅಂತ ತಿಳಿದು ರಿಲೇ ಬಾಗಿಲು ತೆಗೆಯುತ್ತದೆ, 12.8ಕ್ಕೆ ಇಳಿದರೆ ಮುಚ್ಚುತ್ತದೆ. ಸರಳ, ಜಾಣ.

ಈಚಿನ ಬಿಎಸ್-6 ಗಾಡಿಗಳು ಈ ಸರಳತೆಯನ್ನು ಸ್ವಲ್ಪ ಕೆಡಿಸಿವೆ. ಇಂಧನ ಉಳಿಸೋಕೆ ಅಂತ ಕೆಲವು ಗಾಡಿಗಳಲ್ಲಿ ಕಂಪ್ಯೂಟರ್ ಆಲ್ಟರ್ನೇಟರ್‌ನ ವೋಲ್ಟೇಜನ್ನೇ ಏರಿಸಿ ಇಳಿಸುತ್ತದೆ. ರಿಲೇಗೆ ಗೊಂದಲ. ಅದಕ್ಕೇ ಈಗ ಡಿಸಿ-ಡಿಸಿ ಚಾರ್ಜರ್. ಎಷ್ಟೇ ವೋಲ್ಟ್ ಬರಲಿ, ಎರಡನೇ ಬ್ಯಾಟರಿಗೆ ಬೇಕಾದ ಹದಕ್ಕೆ ತಂದು ಬಡಿಸುತ್ತದೆ, ಆಲ್ಟರ್ನೇಟರ್ ಮೇಲೆ ಮಿತಿ ಮೀರಿ ಹೊರೆ ಬೀಳದ ಹಾಗೆಯೂ ತಡೆಯುತ್ತದೆ.

ನಾನು ಹಾಕಿಸಿದ್ದೂ ಇದನ್ನೇ. ಡಿಕ್ಕಿಯಲ್ಲಿ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 25 ಆಂಪಿಯರ್ ಚಾರ್ಜರ್. ಬಾನೆಟ್ ಕೆಳಗೆ ಜಾಗವಿದ್ದರೂ ಅಲ್ಲಿ ಇಡಲಿಲ್ಲ. ಚಳ್ಳಕೆರೆ ಸೀಮೆಯ ಬೇಸಿಗೆಯ ಬಿಸಿಲಿಗೆ ಎಂಜಿನ್ನಿನ ಕಾವೂ ಸೇರಿದರೆ ಯಾವ ಬ್ಯಾಟರಿಯೂ ಬಾಳುವುದಿಲ್ಲ. ತಾಪ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚು ಕಡಿಮೆ ಅರ್ಧ ಅನ್ನುವುದು ಈ ಕಸುಬಿನ ಅಂದಾಜು ಲೆಕ್ಕ. ಮುಂದಿನಿಂದ ಹಿಂದಕ್ಕೆ 5 ಮೀಟರ್ ತಂತಿ ಬೇಕಾಯಿತು. ಇಲ್ಲಿ ಜಿಪುಣತನ ಮಾಡಬಾರದು. ಹೋಗಿ ಬರುವ 10 ಮೀಟರ್ ದಾರಿಗೆ 4 ಚದರ ಮಿಲಿಮೀಟರ್ ತಾಮ್ರ ಹಾಕಿದರೆ ದಾರಿಯಲ್ಲೇ ಒಂದು ವೋಲ್ಟ್‌ಗಿಂತ ಹೆಚ್ಚು ಸೋರಿಹೋಗುತ್ತದೆ. 16 ಚದರ ಮಿಲಿಮೀಟರ್ ಹಾಕಿದರೆ 0.3 ವೋಲ್ಟ್ ಅಷ್ಟೆ. ತಂತಿಯ ಎರಡೂ ತುದಿಗೆ, ಬ್ಯಾಟರಿಯಿಂದ ಗೇಣು ದೂರದೊಳಗೆ, ಫ್ಯೂಸ್. ತಂತಿಗೆ ಎರಡೂ ಕಡೆ ಬ್ಯಾಟರಿ ಇರುವುದರಿಂದ, ನಡುವೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಎರಡೂ ಕಡೆಯಿಂದ ಬೆಂಕಿ. ಒಂದೇ ಫ್ಯೂಸ್ ಹಾಕಿ ನಿಶ್ಚಿಂತೆಯಾಗಿರುವವರು ಇದನ್ನು ಯೋಚಿಸಿರುವುದಿಲ್ಲ.

ಲಿಥಿಯಂ ಐರನ್ ಫಾಸ್ಫೇಟಿನ ಬಗ್ಗೆಯೂ ಒಂದು ಮಾತು. 1997ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದ ಪ್ರಬಂಧದಲ್ಲಿ, ಮುಂದೆ 2019ರ ನೊಬೆಲ್ ಹಂಚಿಕೊಂಡ ಜಾನ್ ಗುಡ್‌ಇನಫ್ ಹೆಸರಿನ ಜೊತೆ ಇನ್ನೆರಡು ಹೆಸರುಗಳಿವೆ: ಪಾಧಿ ಮತ್ತು ನಂಜುಂಡಸ್ವಾಮಿ. ಮೈಸೂರು ಸೀಮೆಯ ಕಿವಿಗೆ ಆ ಎರಡನೇ ಹೆಸರು ಎಷ್ಟು ಹತ್ತಿರದ್ದು ಅಂತ ಹೇಳಬೇಕಿಲ್ಲ.

ಈಗ ಕುದಾಪುರ.

ಹಿರಿಯೂರು ದಾಟಿ ಚಳ್ಳಕೆರೆಗೆ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಶೇಂಗಾ, ಎಣ್ಣೆ ಮಿಲ್ಲು, ಕುರಿ, ಕಂಬಳಿ. ನಾಯಕನಹಟ್ಟಿಯ ಹತ್ತಿರ, ಸ್ನೇಹಿತರೊಬ್ಬರ ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿ ರಾತ್ರಿ ನಕ್ಷತ್ರ ನೋಡುವುದು ನನ್ನ ಅಭ್ಯಾಸ. ಈ ಸೀಮೆಯ ಬಯಲುಗಳನ್ನು ಊರವರು ಕರೆಯುವುದು 'ಕಾವಲು' ಅಂತ. ಗಾಡಿಯಲ್ಲಿ ಎರಡು ಬ್ಯಾಟರಿಗಳ ನಡುವಿನ ಕಾವಲಿನ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವನಿಗೆ ಆ ಪದ ಕಿವಿಗೆ ಬಿದ್ದಾಗ, ಇದಕ್ಕೆ ಯಾಕೆ ಈ ಹೆಸರು ಅಂತ ಹುಡುಕದೆ ಇರೋಕಾಗಲಿಲ್ಲ.

ಅಮೃತ ಮಹಲ್ ಕಾವಲುಗಳು ಇವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, 'ಬೆಣ್ಣೆ ಚಾವಡಿ' ಅನ್ನುವ ಇಲಾಖೆ ಬೆಳೆಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಹಸುಗಳ ಹಿಂಡಿಗಾಗಿ ನಾಡಿನ ಉದ್ದಗಲಕ್ಕೂ ಹುಲ್ಲುಗಾವಲು ಕಾದಿರಿಸಿದರು. ಹೈದರಾಲಿ ಆ ಹಿಂಡಿನ ಎತ್ತುಗಳನ್ನು ಫಿರಂಗಿ ಎಳೆಯಲು, ಸರಕು ಹೊರಲು ಹೂಡಿದ. ಟಿಪ್ಪು ಇಲಾಖೆಯ ಹೆಸರನ್ನು 'ಅಮೃತ ಮಹಲ್' ಅಂತ ಬದಲಾಯಿಸಿ ನಿಯಮಗಳನ್ನು ಬಿಗಿ ಮಾಡಿದ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿ ಚಿದಂಬರಂ ತಲುಪಿತು ಅಂತ ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ.

ನನ್ನನ್ನು ಹಿಡಿದಿಟ್ಟದ್ದು ಆ ಓಟವಲ್ಲ, ಅದರ ಹಿಂದಿನ ಏರ್ಪಾಡು. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಅಂತ ವಿಂಗಡಿಸಿದ್ದರು. ಒಂದರಲ್ಲಿ ಮೇಯುವಾಗ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಅಲ್ಲಿ ಹುಲ್ಲು ಚಿಗುರಬೇಕು. ಬಳಸುವುದು ಬೇರೆ, ಉಳಿಸುವುದು ಬೇರೆ, ನಡುವೆ ಕಾವಲು. ನನ್ನ ಗಾಡಿಯ ರಿಲೇ ಮಾಡುವ ಕೆಲಸವನ್ನು ಮುನ್ನೂರು ವರ್ಷದ ಹಿಂದೆ ಕಾವಲುಗಾರರು ಕೋಲು ಹಿಡಿದು ಮಾಡುತ್ತಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡಿನ ಬೆಲೆ ಇಂಗ್ಲಿಷರಿಗೂ ತಿಳಿಯಿತು. ಮುಂದೆ ಮದ್ರಾಸ್ ಸೈನ್ಯಕ್ಕೆ ಎತ್ತು ಒದಗಿಸುವ ಹೊಣೆ ಅಮೃತ ಮಹಲಿನದಾಯಿತು. ಹತ್ತೊಂಬತ್ತನೇ ಶತಮಾನದ ಲೆಕ್ಕಗಳಲ್ಲಿ ಕಾವಲುಗಳ ವಿಸ್ತಾರ ನಾಲ್ಕು ಲಕ್ಷ ಎಕರೆಗೂ ಹೆಚ್ಚು. ಆಮೇಲೆ 1860ರಲ್ಲಿ ಮದ್ರಾಸ್ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಕಾಲದಲ್ಲಿ ಖರ್ಚು ಉಳಿಸುವ ಲೆಕ್ಕಾಚಾರ ಬಂತು. ಯುದ್ಧವಿಲ್ಲ, ಇಷ್ಟು ದನ ಯಾಕೆ, ಇಷ್ಟು ಹುಲ್ಲು ಯಾಕೆ? ಹಿಂಡನ್ನು ಮಾರಿದರು. ಆಗಿನ ಕಾಗದದಲ್ಲಿ ಅದು ಲಾಭವಾಗಿಯೇ ಕಂಡಿರಬೇಕು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ತೊಂದರೆಯಾಗಿ, 1860ರ ದಶಕದ ಮಧ್ಯದಲ್ಲಿ ಸಿಕ್ಕ ದನಗಳನ್ನು ಮತ್ತೆ ಕೂಡಿಹಾಕಿ ಇಲಾಖೆಯನ್ನು ಹೊಸದಾಗಿ ಕಟ್ಟಿದರು. ಇವತ್ತಿಗೂ ಅಜ್ಜಂಪುರದಲ್ಲಿ ಆ ತಳಿಯನ್ನು ಸಾಕುತ್ತಿದ್ದಾರೆ.

ಸೈನ್ಯಕ್ಕೆ ಎತ್ತು ಬೇಡವಾದ ಮೇಲೂ ಕಾವಲಿನ ಕೆಲಸ ನಿಲ್ಲಲಿಲ್ಲ. ಮ್ಯಾಸಬೇಡರ ದೇವರ ಎತ್ತುಗಳು, ಕುರುಬರ ಕುರಿಗಳು, ಊರಿನ ದನಗಳು ಅಲ್ಲಿ ಮೇದವು. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಏನೂ ಇಲ್ಲದಿದ್ದರೂ ಕಾವಲಿನಲ್ಲಿ ಒಣಹುಲ್ಲಾದರೂ ಇರುತ್ತಿತ್ತು. ಅದನ್ನು ತಿಂದ ಕುರಿಯ ಉಣ್ಣೆಯೇ ಚಳ್ಳಕೆರೆಯ ಸಂತೆಗೆ ಕಂಬಳಿಯಾಗಿ ಬರುತ್ತಿತ್ತು. ಕೃಷ್ಣಮೃಗ, ಎರೆಭೂತ ಹಕ್ಕಿಗಳಿಗೂ ಅದೇ ಆಸರೆ.

ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆಗಳನ್ನು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೋಗಳಿಗೆ ಕೊಡಲಾಯಿತು. ವಿಜ್ಞಾನ ಸಂಸ್ಥೆಯ ಕುದಾಪುರ ಆವರಣವೇ 1,500 ಎಕರೆ. ಗೋಡೆ, ಬೇಲಿ ಎದ್ದವು. ಊರವರು ಪ್ರತಿಭಟಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಗೋಡೆಯೊಳಗೆ ಆದದ್ದನ್ನೂ ಹೇಳಬೇಕು. 2016ರ ನವೆಂಬರ್‌ನಲ್ಲಿ ರುಸ್ತುಂ-2 ಡ್ರೋನ್ ಮೊದಲು ಹಾರಿದ್ದು ಇಲ್ಲಿನ ಪರೀಕ್ಷಾ ವಲಯದಲ್ಲಿ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನೇ ದಾರಿ ಹುಡುಕಿಕೊಂಡು ಇಳಿದದ್ದೂ ಇಲ್ಲೇ. ಬೆಂಗಳೂರಿನಲ್ಲಿ ಕೂತು ಆ ವೀಡಿಯೋ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ.

ಈ ಕೆಲಸಗಳು ಬೇಡವಾಗಿದ್ದವು ಅಂತ ನಾನು ಹೇಳಲಾರೆ. ಆದರೆ ಖಾಲಿ ಬಿದ್ದ ಜಾಗ ಅಂತ ಯಾವುದನ್ನು ಕರೆದರೋ, ಅದು ಖಾಲಿ ಇರಲಿಲ್ಲ. ಮುಟ್ಟದೇ ಇಟ್ಟದ್ದಾಗಿತ್ತು. ದಿನವೂ ಉಪಯೋಗಕ್ಕೆ ಬಾರದ ವಸ್ತು ನಮ್ಮ ಕಣ್ಣಿಗೆ ದಂಡ ಅಂತ ಕಾಣುತ್ತದೆ. ವರ್ಷವಿಡೀ ಸುಮ್ಮನೆ ಕೂತ ಸ್ಟಾರ್ಟರ್ ಬ್ಯಾಟರಿ, ಬರ ಬರುವವರೆಗೆ ಸುಮ್ಮನಿರುವ ಹುಲ್ಲು, ಎರಡೂ ಹಾಗೇ. ಅದರ ಬೆಲೆ ತಿಳಿಯುವ ದಿನ ಲೆಕ್ಕಪತ್ರದಲ್ಲಿ ಮೊದಲೇ ನಮೂದಾಗಿರುವುದಿಲ್ಲ.

1860ರಲ್ಲಿ ಹಿಂಡು ಮಾರಿದವರು ಕೆಲವೇ ವರ್ಷಗಳಲ್ಲಿ ಅದನ್ನು ಮತ್ತೆ ಕಟ್ಟಲು ಸಾಧ್ಯವಾದದ್ದಕ್ಕೆ ಒಂದು ಕಾರಣವಿತ್ತು. ದನ ಹೋಗಿದ್ದವು, ಆದರೆ ಕಾವಲುಗಳು ಪೂರ್ತಿ ಅಳಿದಿರಲಿಲ್ಲ. ಮೇಯಿಸಲು ನೆಲ ಉಳಿದಿತ್ತು. ರನ್‌ವೇ ಆದ ನೆಲ, ಕಟ್ಟಡವೆದ್ದ ನೆಲ ಹಾಗೆ ಮರಳುವುದಿಲ್ಲ. ಚಳ್ಳಕೆರೆಯಲ್ಲಿ, ಮೊಳಕಾಲ್ಮುರಿನಲ್ಲಿ, ಚಿತ್ರದುರ್ಗದ ಇನ್ನುಳಿದ ಕಡೆ ಇನ್ನೂ ಹುಲ್ಲು ಬೆಳೆಯುವ ತುಂಡು ಕಾವಲುಗಳಿವೆ. ಮುಂದಿನ ಸಲ ಯಾವುದಾದರೂ ಒಳ್ಳೆಯ ಯೋಜನೆಗೆ ಜಾಗ ಹುಡುಕುವಾಗ ಯಾರಾದರೂ ನಕ್ಷೆಯ ಮೇಲೆ ಆ ತುಂಡುಗಳನ್ನು ತೋರಿಸಿ "ಖಾಲಿ ಇದೆಯಲ್ಲ" ಅಂದರೆ, ಅದು ಯಾರ ಬರಗಾಲಕ್ಕೆ ಇಟ್ಟದ್ದು ಅಂತ ಕೇಳುವವರೂ ಆ ಕೋಣೆಯಲ್ಲಿ ಇರಬೇಕು. ಆ ಕೋಣೆಗಳಲ್ಲಿ ಕೂರುವವರು ಬಹುಪಾಲು ನಮ್ಮಂಥ ಓದಿದ, ಊರು ಬಿಟ್ಟ, ವಾರಾಂತ್ಯಕ್ಕೆ ಬಯಲು ಹುಡುಕಿಕೊಂಡು ಹೋಗುವ ಜನವೇ.