ಲಂಚನಿಗ್ರಹದಳದ ಸ್ವಾತಂತ್ರ್ಯ: ದಕ್ಷಿಣ ಆಫ್ರಿಕದ ಒಂದು ನಿದರ್ಶನ

ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ಬಗೆಗಳು ನಲವತ್ತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಎಣಿಸಿದ್ದಾನೆ. ಅವನ್ನು ಕಂಡುಹಿಡಿಯುವ ಚಾರರು ರಾಜನ ಅಧೀನರು. ಆದರೆ ಆಳುವವರೇ ತನಿಖೆಗೆ ಗುರಿಯಾದಾಗ ತನಿಖೆ ಮಾಡುವವನಿಗೆ ಆಶ್ರಯವಾವುದು? ಈ ಪ್ರಶ್ನೆಗೆ ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು 2011ರಲ್ಲಿ ಕೊಟ್ಟ ಉತ್ತರವು ವಾಚಕರು ಅರಿಯತಕ್ಕುದಾಗಿದೆ.

ಆ ದೇಶದಲ್ಲಿ 1999ರಲ್ಲಿ ಘೋಷಿತವಾಗಿ 2001ರಲ್ಲಿ ಶಾಸನಬದ್ಧವಾದ ತನಿಖಾದಳವೊಂದಿದ್ದಿತು. ಜನರು ಅದನ್ನು ‘ಸ್ಕಾರ್ಪಿಯನ್ಸ್’, ಎಂದರೆ ಚೇಳುಗಳು, ಎಂದು ಕರೆಯುತ್ತಿದ್ದರು. ಅದು ಪೊಲೀಸ್ ಇಲಾಖೆಗೆ ಸೇರದೆ, ಸರ್ಕಾರದ ಪರವಾಗಿ ಮೊಕದ್ದಮೆ ಹೂಡುವ ಸಂಸ್ಥೆಯ ಅಂಗವಾಗಿದ್ದಿತು. ಚೇಳು ಕುಟುಕಿದುದು ಸಾಮಾನ್ಯರನ್ನಲ್ಲ. ರಾಷ್ಟ್ರದ ಪೊಲೀಸ್ ಮುಖ್ಯಾಧಿಕಾರಿ ಜಾಕಿ ಸೆಲೆಬಿಯವರೂ ಆಳುವ ಪಕ್ಷದ ಹಿರಿಯ ನಾಯಕ ಜೇಕಬ್ ಜೂಮಾ ಅವರೂ ತನಿಖೆಗೆ ಒಳಗಾದರು. 2007ರ ಡಿಸೆಂಬರಿನಲ್ಲಿ ಪೋಲೊಕ್ವಾನೆಯಲ್ಲಿ ನೆರೆದ ಆ ಪಕ್ಷದ ಅಧಿವೇಶನವು ಜೂಮಾ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು; ದಳವನ್ನು ವಿಸರ್ಜಿಸಬೇಕೆಂದೂ ನಿರ್ಣಯಿಸಿತು. 2009ರಲ್ಲಿ ಅದರ ಸ್ಥಾನಕ್ಕೆ ಪೊಲೀಸ್ ಇಲಾಖೆಯೊಳಗೇ ‘ಹಾಕ್ಸ್’, ಎಂದರೆ ಗಿಡುಗಗಳು, ಎಂಬ ದಳವು ಬಂದಿತು.

ಹ್ಯೂ ಗ್ಲೆನಿಸ್ಟರ್ ಎಂಬ ವ್ಯಾಪಾರಸ್ಥರು ಇದನ್ನು ಪ್ರಶ್ನಿಸಿ ನ್ಯಾಯಾಲಯವನ್ನು ಹೊಕ್ಕರು. ಮಸೂದೆಯು ಇನ್ನೂ ಶಾಸನಸಭೆಯ ಮುಂದಿದ್ದುದರಿಂದ 2008ರಲ್ಲಿ ಅವರ ಅರ್ಜಿಯು ನಿಲ್ಲಲಿಲ್ಲ. ಮಸೂದೆಯು ಕಾನೂನಾದ ಮೇಲೆ ಅವರು ಮತ್ತೆ ಬಂದರು. 2011ರ ಮಾರ್ಚ್ 17ರಂದು ಐವರು ನ್ಯಾಯಾಧೀಶರು ಅವರ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು.

ಲಂಚನಿಗ್ರಹಕ್ಕೆ ಸ್ವತಂತ್ರದಳವಿರಬೇಕೆಂಬ ಮಾತು ಆ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಆದರೂ ಮೊಸೆನೆಕೆ ಮತ್ತು ಕ್ಯಾಮೆರಾನ್ ಎಂಬ ನ್ಯಾಯಾಧೀಶರು ಬಹುಮತದ ಪರವಾಗಿ ಹೀಗೆ ವಿವರಿಸಿದರು: ಪ್ರಜೆಗಳ ಹಕ್ಕುಗಳನ್ನು ಕಾಪಾಡುವುದು ರಾಜ್ಯದ ಕರ್ತವ್ಯವೆಂದು ಏಳನೆಯ ವಿಧಿಯು ಹೇಳುತ್ತದೆ, ಭ್ರಷ್ಟತೆಯು ಆ ಹಕ್ಕುಗಳನ್ನು ಕೆಡಿಸುತ್ತದೆ, ಭ್ರಷ್ಟತೆಯ ವಿರುದ್ಧವಾದ ಅಂತರರಾಷ್ಟ್ರೀಯ ಒಪ್ಪಂದಗಳಿಗೆ ದೇಶವು ಬದ್ಧವಾಗಿದೆ, ಆದುದರಿಂದ ಸಾಕಷ್ಟು ಸ್ವತಂತ್ರವಾದ ದಳವನ್ನು ಸ್ಥಾಪಿಸುವುದು ರಾಜ್ಯಕ್ಕೆ ಅನಿವಾರ್ಯ. ಹೊಸ ದಳದ ಅಧಿಕಾರಿಗಳಿಗೆ ಹುದ್ದೆಯ ಭದ್ರತೆಯಿರಲಿಲ್ಲ. ದಳದ ನೀತಿಯನ್ನು ಮಂತ್ರಿಗಳ ಸಮಿತಿಯೇ ನಿರ್ಧರಿಸಬಹುದಾಗಿದ್ದಿತು. ತನಿಖೆಗೆ ಒಳಗಾಗಬಹುದಾದವರ ಕೈಯಲ್ಲಿಯೇ ಲಗಾಮು! ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು?

ದೋಷವನ್ನು ತಿದ್ದಲು ಶಾಸನಸಭೆಗೆ ಹದಿನೆಂಟು ತಿಂಗಳ ಅವಕಾಶವು ದೊರೆಯಿತು. 2012ರ ತಿದ್ದುಪಡಿಯೂ ಸಾಲದೆ, 2014ರಲ್ಲಿ ನ್ಯಾಯಾಲಯವು ಮತ್ತೆ ಕೆಲವು ಭಾಗಗಳನ್ನು ತೆಗೆದುಹಾಕಿ, ದಳದ ಮುಖ್ಯಸ್ಥನ ಮೇಲೆ ಮಂತ್ರಿಗಿದ್ದ ಹಿಡಿತವನ್ನು ಸಡಿಲಿಸಿತು. ಆದರೆ ವಿಸರ್ಜಿತವಾದ ಹಳೆಯ ದಳವು ಮರಳಿ ಬರಲಿಲ್ಲವೆಂಬುದನ್ನು ಮರೆಯಲಾಗದು.

ಇದರಿಂದ ಕಲಿಯತಕ್ಕುದಿಷ್ಟು: ತನಿಖಾದಳದ ಬಲವು ಅದಕ್ಕಿಟ್ಟ ಉಗ್ರವಾದ ಹೆಸರಿನಲ್ಲಿಲ್ಲ. ಅಧಿಕಾರಿಯನ್ನು ಯಾರು ನೇಮಿಸುವರು, ಯಾರು ತೆಗೆಯಬಲ್ಲರು ಎಂಬ ಶುಷ್ಕವಾದ ಕಲಮುಗಳಲ್ಲಿ ಅದು ಅಡಗಿದೆ. ಆ ಕಲಮುಗಳನ್ನು ಓದುವ ಪ್ರಜೆಗಳಿಲ್ಲದಿದ್ದರೆ ಚೇಳಿಗೂ ವಿಷವಿಲ್ಲ, ಗಿಡುಗಕ್ಕೂ ಉಗುರಿಲ್ಲ.