ಬೈಸಿಕಲ್ಲು: ರೂಢಿಯೂ ಹವ್ಯಾಸವೂ

೧೮೮೫ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯು ‘ರೋವರ್’ ಬೈಸಿಕಲ್ಲನ್ನು ನಿರ್ಮಿಸಿದನು. ನಮ್ಮ ದೇಶದಲ್ಲಿ ಅದು ಮೊದಲು ಉಳ್ಳವರ ಸೊತ್ತಾಗಿದ್ದಿತು. ೧೯೫೦ರ ದಶಕದಲ್ಲಿ ಅಟ್ಲಾಸ್, ಹೀರೋ ಕಾರ್ಖಾನೆಗಳು ಹುಟ್ಟಿದ ಬಳಿಕ ಹಾಲಿನವನಿಗೂ ಉಪಾಧ್ಯಾಯನಿಗೂ ನಿತ್ಯದ ಸಾಧನವಾಯಿತು. ಮೋಟಾರು ವಾಹನಗಳು ಹೆಚ್ಚಿದಂತೆ ಅದರ ಮನ್ನಣೆ ಕುಗ್ಗಿತು.

ಇಂದು ಬೆಂಗಳೂರಿನಲ್ಲಿ ಶಿರಸ್ತ್ರಾಣ ಧರಿಸಿ ನಂದಿಬೆಟ್ಟವನ್ನೇರುವ ಹವ್ಯಾಸಿಗಳ ಪಂಗಡವೇ ಉಂಟು. ಅವರ ಉತ್ಸಾಹವು ಶ್ಲಾಘ್ಯವಾದುದೇ. ಆದರೆ ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚತೊಡಗಿದಾಗ, ವೇದಾವತಿಯ ದಡದ ರಾರಾವಿಯಂತಹ ಬಯಲುಸೀಮೆಯ ಊರುಗಳಿಗೆ ಅದು ಹವ್ಯಾಸವಾಗಿ ಬರಲಿಲ್ಲ. ಶಾಲೆ ದೂರವೆಂಬ ಕಾರಣಕ್ಕೆ ಹೆಣ್ಣುಮಕ್ಕಳ ಓದು ನಿಲ್ಲದಿರಲೆಂದು ಬಂದಿತು. ೨೦೨೦ರಲ್ಲಿ ಆ ವಿತರಣೆ ನಿಂತಿತು.

ಶಾಲೆಗೆ ಹೊರಟವಳಿಗೆ ಪಾಠದ ಚಿಂತೆಯ ಹೊರತು ಬೈಸಿಕಲ್ಲಿನ ಚಿಂತೆಯೇ ಇಲ್ಲದಾಗ ಅದು ರೂಢಿಯೆನಿಸುತ್ತದೆ. ಆ ರೂಢಿಯು ಒಮ್ಮೆ ತಪ್ಪಿದರೆ, ಹವ್ಯಾಸಿಗಳ ಉತ್ಸಾಹವೊಂದರಿಂದಲೇ ಅದು ಮರಳಲಾರದು.